ಲಾರಿಗೆ ಎಕ್ಸ್‌ಟ್ರಾ ಲೈಟು, ಎದುರಿನವನಿಗೆ ಕಗ್ಗತ್ತಲೆ

ರಾತ್ರಿ ಒಂಬತ್ತೂವರೆಗೆ ಷಟರ್ ಎಳೆದು, ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಸ್ಕೂಟರ್ ಹತ್ತಿ ಮನೆ ಕಡೆ ಹೊರಡುವ ನಮ್ಮ ಚಿತ್ರದುರ್ಗದ ಯಾವ ಅಂಗಡಿಯವರನ್ನಾದರೂ ತಡೆದು ಕೇಳಿ: ದಾರಿಯಲ್ಲಿ ದಿನಾ ಎದುರಿಗೆ ಎಷ್ಟು ಲಾರಿ ಬರುತ್ತವೆ? "ಎಣಿಸೋಕೆ ಕಣ್ಣು ಬಿಟ್ಟರೆ ತಾನೇ ಸ್ವಾಮಿ!" ಅನ್ನುತ್ತಾರೆ.

ಮಾತು ತಮಾಷೆಯದಲ್ಲ. ಚಳ್ಳಕೆರೆ ಗೇಟಿನ ಹತ್ತಿರವೋ, ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲೋ ಸಂಜೆ ಏಳರ ಮೇಲೆ ಹತ್ತು ನಿಮಿಷ ನಿಂತು ನೋಡಿ. ಬಂಪರಿನ ಮೇಲೆ ನಾಲ್ಕು, ಕ್ಯಾಬಿನ್ ನೆತ್ತಿಯ ಮೇಲೆ ಉದ್ದದೊಂದು ಪಟ್ಟಿ, ಕನ್ನಡಿ ಪಕ್ಕ ಎರಡು, ಹೀಗೆ ಮದುವೆ ಮನೆಯ ಚಪ್ಪರದಂತೆ ಲೈಟು ಕಟ್ಟಿಕೊಂಡ ಲಾರಿಗಳು ಒಂದರ ಹಿಂದೊಂದು ಬರುತ್ತವೆ. ಬಸ್ಸಿಗೆ ಕಾಯುತ್ತ ನಿಂತವರು ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಲ್ಲುತ್ತಾರೆ. ಬಂದದ್ದು ಬಸ್ಸೋ ಲಾರಿಯೋ ಗೊತ್ತಾಗದೆ ಕೈ ಅಡ್ಡ ಹಾಕಿ ಬೈಸಿಕೊಂಡವರೂ ಇದ್ದಾರೆ.

ಈ ಅಂಕಣಕಾರನೂ ಅನುಭವಿಸಿದವನೇ. ಐಮಂಗಲದ ಕಡೆಯಿಂದ ರಾತ್ರಿ ಮೊಪೆಡ್ಡಿನಲ್ಲಿ ಸರ್ವಿಸ್ ರಸ್ತೆ ಹಿಡಿದು ಬರುವಾಗ ಎದುರಿಗೆ ಒಂದು ಬಿಳಿ ಗೋಡೆಯೇ ಎದ್ದು ನಿಂತಂತಾಯಿತು. ಗಾಡಿ ಹಾದುಹೋದ ಮೇಲೆ ಇನ್ನೂ ಕತ್ತಲು. ಮುಂದಿನ ಚಕ್ರ ಡಾಂಬರು ಬಿಟ್ಟು ಮಣ್ಣಿಗಿಳಿದದ್ದು ತಿಳಿದದ್ದು ಮೊಣಕಾಲು ಉರಿಯತೊಡಗಿದಾಗ. ಮೊಣಕಾಲು ವಾಸಿಯಾಯಿತು. ಆ ನಾಲ್ಕೈದು ಸೆಕೆಂಡಿನ ಕುರುಡು ಮಾತ್ರ ನೆನಪಿನಲ್ಲಿ ಉಳಿದಿದೆ.

ನಾಲ್ಕೈದು ಸೆಕೆಂಡು ಎಂದರೆ ಏನು ಮಹಾ ಅನ್ನಬೇಡಿ. 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಐದು ಸೆಕೆಂಡಿಗೆ 80 ಮೀಟರಿಗಿಂತ ಹೆಚ್ಚು. ಅಷ್ಟು ದೂರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಿಸಿದ ಹಾಗೆ. ವಯಸ್ಸಾದಂತೆ ಕಣ್ಣು ಸುಧಾರಿಸಿಕೊಳ್ಳುವುದು ಇನ್ನೂ ನಿಧಾನ. ಐವತ್ತು ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ಲೆಕ್ಕವೇ ಹೇಳುತ್ತದೆ. ಅದೇ ಲೆಕ್ಕದಲ್ಲಿ ದಿನದ ಬೇರೆಲ್ಲ ಹೊತ್ತಿಗಿಂತ ಹೆಚ್ಚು ಅಪಘಾತ ನಡೆಯುವುದು ಸಂಜೆ 6ರಿಂದ 9ರ ನಡುವೆ. ನಾವು ನೀವು ಅಂಗಡಿ ಮುಚ್ಚುವ, ಬಸ್ ಹಿಡಿಯುವ ಹೊತ್ತು. ಇದಕ್ಕೆಲ್ಲ ಲೈಟೊಂದೇ ಕಾರಣ ಎಂದು ಹೇಳುತ್ತಿಲ್ಲ. ಆದರೆ ಕತ್ತಲಾಗುವ ಹೊತ್ತಿಗೇ ರಸ್ತೆಯೂ ತುಂಬುತ್ತದೆ ಎಂಬುದು ತಿಳಿದಿರಲಿ.

ಹಾಗಂತ ಡ್ರೈವರುಗಳನ್ನು ಬೈದು ಅಂಕಣ ಮುಗಿಸಿದರೆ ಅನ್ಯಾಯ. ಅವರ ಮಾತನ್ನೂ ಕೇಳಬೇಕು. ಯಶವಂತಪುರದ ಯಾರ್ಡಿಗೆ ಈರುಳ್ಳಿ ಹೊತ್ತೊಯ್ಯುವ ಲಾರಿಯ ಡ್ರೈವರೊಬ್ಬರು ಚಹಾದಂಗಡಿಯ ಬೆಂಚಿನ ಮೇಲೆ ಕೂತು ಹೇಳಿದ್ದು ಇದು: "ನಿಮಗೆ ಕಣ್ಣು ಕುಕ್ಕುತ್ತೆ, ಒಪ್ಕೋತೀನಿ ಸಾರ್. ನನ್ನ ಕಷ್ಟ ಕೇಳಿ. ಹಿಂದೆ ಒಂದು ಕೆಂಪು ದೀಪಾನೂ ಇಲ್ದೆ ಟ್ರ್ಯಾಕ್ಟರ್ ಹೋಗ್ತಿರುತ್ತೆ. ಪಂಕ್ಚರ್ ಆದ ಲಾರಿ ರೋಡ್ ಮಧ್ಯೆನೇ ನಿಂತಿರುತ್ತೆ. ಬಣ್ಣ ಹೊಡೀದಿರೋ ಹಂಪು. ಎಮ್ಮೆ ಮಲಗಿರುತ್ತೆ, ಎಮ್ಮೆ ಬಣ್ಣಾನೂ ಕಪ್ಪು, ರೋಡೂ ಕಪ್ಪು. ಕಂಪನಿ ಕೊಟ್ಟಿರೋ ಲೈಟಲ್ಲಿ ಏನ್ ಕಾಣುತ್ತೆ ಹೇಳಿ? ಏನಾದ್ರೂ ಆದ್ರೆ ಜೈಲಿಗೆ ಹೋಗೋನು ನಾನು, ಓನರ್ ಅಲ್ಲ."

ಈ ಮಾತಿನಲ್ಲಿ ಸುಳ್ಳಿಲ್ಲ. ಲೆಕ್ಕ ಹಾಕಿ ನೋಡೋಣ. 60ರ ವೇಗದಲ್ಲಿ ಬರುವಾಗ ಎದುರಿಗೆ ಏನೋ ಕಂಡು ಕಾಲು ಬ್ರೇಕಿಗೆ ಹೋಗುವ ಹೊತ್ತಿಗೇ ಸುಮಾರು 25 ಮೀಟರ್ ಕಳೆದಿರುತ್ತದೆ. ಲೋಡ್ ಇರುವ ಲಾರಿ, ಬ್ರೇಕು ನೆಟ್ಟಗಿದ್ದರೂ, ನಿಲ್ಲಲು ಇನ್ನೂ 35 ಮೀಟರ್ ಬೇಕು. ಒಟ್ಟು 60. ಡಿಮ್ ಲೈಟಿನಲ್ಲಿ ಸರಿಯಾಗಿ ಕಾಣುವುದೂ ಹೆಚ್ಚುಕಡಿಮೆ ಅಷ್ಟೇ ದೂರ. ವೇಗ 80ಕ್ಕೆ ಏರಿತೆಂದರೆ ನಿಲ್ಲಲು 95 ಮೀಟರ್ ಬೇಕು, ಕಾಣುವುದು ಅದೇ 50-60 ಮೀಟರ್. ಬೆಳಕು ಮುಗಿಯುವ ಜಾಗದಾಚೆಗೆ ಲಾರಿ ಓಡುತ್ತಿದೆ ಎಂದರ್ಥ. ಡ್ರೈವರ ಹೆದರಿಕೆ ನಿಜವಾದದ್ದೇ.

ಪ್ರಶ್ನೆ ಇರುವುದು, ಇನ್ನೂ ನಾಲ್ಕು ಲೈಟು ಕಟ್ಟಿದರೆ ಆ ಹೆದರಿಕೆ ಹೋಗುತ್ತದೆಯೇ ಎಂಬಲ್ಲಿ. ಬೆಳಕಿಗೆ ಒಂದು ಹಟಮಾರಿ ಗುಣವಿದೆ. ಎರಡರಷ್ಟು ದೂರ ಕಾಣಬೇಕಾದರೆ ಎರಡರಷ್ಟು ಬೆಳಕು ಸಾಲದು, ನಾಲ್ಕರಷ್ಟು ಬೇಕು. ಮೂರರಷ್ಟು ದೂರಕ್ಕೆ ಒಂಬತ್ತರಷ್ಟು. ಎರಡು ಲೈಟು ಇದ್ದಲ್ಲಿ ನಾಲ್ಕು ಮಾಡಿದವನು ದುಡ್ಡು ಎರಡರಷ್ಟು ಹಾಕಿದ, ದೂರ ಮಾತ್ರ ಒಂದೂವರೆಯಷ್ಟೂ ಹೆಚ್ಚಲಿಲ್ಲ. ಇದು ವ್ಯಾಪಾರಸ್ಥರಿಗೆ ಥಟ್ಟನೆ ಅರ್ಥವಾಗುವ ಲೆಕ್ಕ.

ಇನ್ನೊಂದು ವಿಷಯ. ಹತ್ತರಲ್ಲಿ ಅರ್ಧದಷ್ಟು ಲಾರಿಗಳಲ್ಲಿ ಕಂಪನಿ ಕೊಟ್ಟ ಲೈಟು ಕೆಟ್ಟದ್ದಿರುವುದಿಲ್ಲ, ಅದನ್ನು ಹಾಳು ಮಾಡಿರುತ್ತಾರೆ, ಎನ್ನುವುದು ನಮ್ಮೂರಿನ ಹಳೆಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರ ಅಭಿಪ್ರಾಯ. ಮೂವತ್ತು ವರ್ಷದಿಂದ ವೈರು ಹಿಡಿದ ಕೈ ಅವರದು. ಗಾಜಿನ ಮೇಲೆ ಕೆಂಪು ಧೂಳು, ಬಟ್ಟಲಿನೊಳಗೆ ತುಕ್ಕು, ತುಕ್ಕು ಹಿಡಿದ ಅರ್ತಿಂಗ್, ಹತ್ತು ಕಡೆ ಗಂಟು ಹಾಕಿದ ವೈರು. ಬ್ಯಾಟರಿಯಲ್ಲಿ 24 ವೋಲ್ಟ್ ಇದ್ದರೆ ಬಲ್ಬಿಗೆ ಸೇರುವ ಹೊತ್ತಿಗೆ 21 ಆಗಿರುತ್ತದೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜು ನೂರಕ್ಕೆ 10 ಕಡಿಮೆಯಾದರೆ ಬೆಳಕು ನೂರಕ್ಕೆ 30ರಷ್ಟು ಇಳಿದುಹೋಗುತ್ತದೆ. "ನೀವು ಕೊಡೋ ಅನ್ನದಲ್ಲಿ ಮೂರನೇ ಒಂದು ಪಾಲು ದಾರೀಲೇ ಕಾಗೆ ತಿಂದ್ರೆ, ಇನ್ನೊಂದು ತಟ್ಟೆ ಇಟ್ರೆ ಹೊಟ್ಟೆ ತುಂಬುತ್ತಾ?" ಎಂದು ಅವರು ಕೇಳುತ್ತಾರೆ. ದಪ್ಪ ವೈರು, ಒಂದು ರಿಲೇ, ಒಂದು ಫ್ಯೂಸು, ಒಳ್ಳೆಯ ಅರ್ತು, ಒರೆಸಿದ ಗಾಜು. ಇಷ್ಟಾದ ಮೇಲೂ ಸಾಲದಿದ್ದರೆ ಆಗ ಎಕ್ಸ್‌ಟ್ರಾ ಲೈಟಿನ ಮಾತು.

ಜನ ಮಾಡುವುದು ತಿರುಗಾಮುರುಗ. ಹಳೆಯ ಬಟ್ಟಲಿನಿಂದ ಹ್ಯಾಲೊಜೆನ್ ಬಲ್ಬು ಕಿತ್ತು ಅದೇ ಜಾಗಕ್ಕೆ ಎಲ್‌ಇಡಿ ಬಲ್ಬು ತುರುಕುತ್ತಾರೆ. ಇದರಲ್ಲಿರುವ ಎಡವಟ್ಟು ಬಹಳ ಮಂದಿಗೆ ಗೊತ್ತಿಲ್ಲ. ಹ್ಯಾಲೊಜೆನ್ ಬಲ್ಬಿನೊಳಗೆ ಕೂದಲೆಳೆಯಂಥ ತಂತಿ ಇರುತ್ತದಲ್ಲ, ಅದು ಇಂಥ ಕಡೆಯೇ ಇರುತ್ತದೆ ಎಂಬ ಲೆಕ್ಕದ ಮೇಲೆ ಆ ಬಟ್ಟಲಿನ ಬಾಗು ತಯಾರಾಗಿದೆ. ಡಿಮ್ ತಂತಿಯ ಕೆಳಗೆ ಒಂದು ಪುಟ್ಟ ತಗಡಿನ ದೊನ್ನೆಯೂ ಇದೆ. ಬೆಳಕು ಮೇಲಕ್ಕೆ ಹಾರಿ ಎದುರಿನವನ ಕಣ್ಣಿಗೆ ಬೀಳದಂತೆ ತಡೆಯುವುದೇ ಅದರ ಕೆಲಸ. ಎಲ್‌ಇಡಿಯ ಬೆಳಕು ಹುಟ್ಟುವ ಜಾಗ, ಆಕಾರ ಎರಡೂ ಬೇರೆ. ಒಂದು ಕೂದಲೆಳೆ ಆಚೀಚೆಯಾದರೂ ಸಾಕು, ರಸ್ತೆಗೆ ಬೀಳಬೇಕಾದ ಬೆಳಕು ಮರದ ತುದಿಗೂ ಎದುರಿನವನ ಕನ್ನಡಕಕ್ಕೂ ಹಂಚಿಹೋಗುತ್ತದೆ. ಡ್ರೈವರಿಗೆ ಗಾಡಿಯ ಮೂತಿಯ ಮುಂದೆ ಬೆಳ್ಳಗೆ ಹೊಳೆಯುವುದರಿಂದ ಭಾರಿ ಬೆಳಕು ಎಂಬ ಭ್ರಮೆ. ಹತ್ತಿರ ಅಷ್ಟು ಬೆಳ್ಳಗಿದ್ದರೆ ಕಣ್ಣು ಕಿರಿದಾಗಿ ದೂರದ್ದು ಇನ್ನೂ ಕಾಣುವುದಿಲ್ಲ. ಕಂಪನಿಯಿಂದಲೇ ಎಲ್‌ಇಡಿ ಬಂದ ಹೊಸ ಗಾಡಿಗಳ ಮಾತು ಬೇರೆ. ಅವುಗಳ ಗಾಜು, ಬಟ್ಟಲು ಎಲ್ಲವೂ ಅದಕ್ಕೆಂದೇ ಆದದ್ದು.

ಹಾಗಾದರೆ ಎಕ್ಸ್‌ಟ್ರಾ ಲೈಟು ಎನ್ನುವುದೇ ಬೇಡವೇ? ಬೇಕಾದ ಜಾಗವಿದೆ. ಸಂಡೂರು, ಹೊಸಪೇಟೆ ಕಡೆಯ ಅದಿರಿನ ಗಣಿಯೊಳಗೆ, ಕ್ವಾರಿಯಲ್ಲಿ, ರಾತ್ರಿ ಹೊಲದಲ್ಲಿ ಮಾಲು ತುಂಬುವಾಗ ಅದಿಲ್ಲದೆ ಕೆಲಸ ಸಾಗದು. ಅಲ್ಲಿ ಎದುರಿಗೆ ಸ್ಕೂಟರ್ ಬರುವುದಿಲ್ಲ. ಪ್ರಪಾತದ ಅಂಚು ಕಾಣಬೇಕು, ಹಿಂದೆ ನಿಂತ ಆಳು ಕಾಣಬೇಕು. ಈ ದೀಪಗಳನ್ನು ಮಾಡಿದ್ದೇ ಇಂಥ ಜಾಗಕ್ಕೆ. ಡಬ್ಬಿಯ ಮೂಲೆಯಲ್ಲಿ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ 'ರಸ್ತೆಯ ಮೇಲೆ ಬಳಸಲು ಅಲ್ಲ' ಎಂಬರ್ಥದ ಮಾತು ಅಚ್ಚಾಗಿರುತ್ತದೆ. ಮಾರುವವನು ಓದಿ ಹೇಳುವುದಿಲ್ಲ, ಕೊಳ್ಳುವವನು ಕೇಳುವುದಿಲ್ಲ. ಗಣಿಯ ದೀಪ ಲಾರಿಯ ಜೊತೆಗೇ ಹೆದ್ದಾರಿ ಹತ್ತಿ, ಚಿತ್ರದುರ್ಗ ದಾಟಿ, ತುಮಕೂರಿನವರೆಗೂ ಉರಿಯುತ್ತ ಹೋಗುತ್ತದೆ.

ಇದರಲ್ಲೂ ಎರಡು ಜಾತಿ. ಒಂದು ಈಟಿಯಂತೆ ದೂರಕ್ಕೆ ಚುಚ್ಚುವುದು, ಇದಕ್ಕೇ ನಮ್ಮ ಕಡೆ ಫೋಕಸ್ ಲೈಟು ಎನ್ನುತ್ತಾರೆ. ಇನ್ನೊಂದು ಅಂಗಳಕ್ಕೆ ನೀರು ಚೆಲ್ಲಿದಂತೆ ಹರಡುವುದು. ಈಟಿ ಬೆಳಕಿಗೆ ಖಾಲಿ ನೇರ ರಸ್ತೆ ಬೇಕು. ನಮ್ಮ ಹೆದ್ದಾರಿಯಲ್ಲಿ ಖಾಲಿ ಎಂಬುದು ಯಾವಾಗ? ಹರಡುವ ಬೆಳಕು ಘಟ್ಟದ ತಿರುವಿನಲ್ಲಿ ರಸ್ತೆಯ ಅಂಚು ತೋರಿಸುತ್ತದೆ. ಆದರೆ ಬಂಪರಿನ ಕೆಳಗೆ ಕಟ್ಟಿ ನೆಲಕ್ಕೆ ಬಗ್ಗಿಸಿದ್ದರೆ ಮಾತ್ರ. ಕ್ಯಾಬಿನ್ ನೆತ್ತಿಯ ಮೇಲೆ ಕಟ್ಟಿದರೆ ಎಂಟಡಿ ಎತ್ತರದಿಂದ ನೇರವಾಗಿ ಸ್ಕೂಟರಿನವನ ಕಣ್ಣಿಗೂ ಮುಂದಿನ ಕಾರಿನ ಕನ್ನಡಿಗೂ ಬೀಳುತ್ತದೆ.

ಮಂಜಿನ ದೀಪದ ಬಗ್ಗೆಯೂ ಒಂದು ಮಾತು, ಯಾಕೆಂದರೆ ಮಾಗಿಯ ಚಳಿ ಬಂತೆಂದರೆ ಹಳದಿ ಲೈಟಿನ ವ್ಯಾಪಾರ ಜೋರು. ಹಳದಿ ಬಣ್ಣ ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬುದು ಅರ್ಧ ನಂಬಿಕೆ. ಮಂಜಿನ ಹನಿ ಬಹಳ ದೊಡ್ಡದು, ಅದು ಹಳದಿ ಬಿಳಿ ಎಂದು ಭೇದ ಮಾಡುವುದಿಲ್ಲ. ಹಳದಿಯಲ್ಲಿ ನೀಲಿಯ ಅಂಶ ಕಡಿಮೆ ಇರುವುದರಿಂದ ಕಣ್ಣಿಗೆ ತಂಪು, ಅಷ್ಟು ನಿಜ. ಫ್ರಾನ್ಸಿನಲ್ಲಿ 1993ರವರೆಗೆ ಹೆಡ್‌ಲೈಟು ಹಳದಿಯೇ ಇರಬೇಕೆಂಬ ಕಾನೂನೂ ಇತ್ತು. ಮಂಜಿನಲ್ಲಿ ಕೆಲಸ ಕೊಡುವುದು ದೀಪ ಎಷ್ಟು ಕೆಳಗಿದೆ, ಬೆಳಕಿನ ಮೇಲಂಚು ಚಾಕುವಿನಿಂದ ಕೊಯ್ದಂತೆ ಚಪ್ಪಟೆಯಾಗಿದೆಯೇ ಎಂಬುದು. ಚಾರ್ಮಾಡಿ, ಶಿರಾಡಿ ಇಳಿಯುವ ಡ್ರೈವರುಗಳು ಇದನ್ನು ಓದದೆಯೇ ಬಲ್ಲರು. ಮಂಜಿನಲ್ಲಿ, ಜಡಿಮಳೆಯಲ್ಲಿ ಡಿಪ್ ಹಾಕಿದರೆ ಮುಂದೆ ಬಿಳಿ ಪರದೆ ಬಿಟ್ಟಂತಾಗುತ್ತದೆ, ಡಿಮ್ಮಿಗೆ ಬಂದರೆ ರಸ್ತೆ ಕಾಣುತ್ತದೆ.

ಈಗ ಕಾನೂನಿನ ಕಡೆ ಬರೋಣ. ಕಾನೂನಿಲ್ಲ ಎಂದು ಯಾರೂ ಹೇಳುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಎಂಬುದೊಂದಿದೆ. ಗಾಡಿಯ ಮುಂದೆ 8 ಮೀಟರ್ ದೂರದಲ್ಲಿ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣು ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು ಎನ್ನುತ್ತದೆ ಅದು. ಒಂದೂವರೆ ಮೀಟರ್ ಎಂದರೆ ಐದಡಿ. ಎದುರಿನಿಂದ ನಡೆದು ಬರುವ ನಮ್ಮ ನಿಮ್ಮ ಕಣ್ಣಿನ ಎತ್ತರ! ನಿಯಮ ಬರೆದವರು ಯಾರೋ ಪುಣ್ಯಾತ್ಮರು ಪಾದಚಾರಿಯನ್ನೂ ನೆನೆದಿದ್ದಾರೆ. 111ನೇ ನಿಯಮ ಇನ್ನೂ ನೇರ: ನೋಂದಣಿ ಅಧಿಕಾರಿಯ ಅಪ್ಪಣೆಯಿಲ್ಲದೆ ಗಾಡಿಯ ಮುಂದೆ ಸ್ಪಾಟ್ ಲೈಟು, ಸರ್ಚ್ ಲೈಟು ಹಾಕುವಂತಿಲ್ಲ. ಗಾಡಿಯನ್ನು ಕಂಪನಿ ಮಾಡಿದ ರೀತಿಯಿಂದ ಬದಲಾಯಿಸಿದ ಮಾಲೀಕನಿಗೆ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಎಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಹೇಳುತ್ತದೆ.

2024ರಲ್ಲಿ ಈ ಕಾನೂನಿಗೆ ಸ್ವಲ್ಪ ಜೀವ ಬಂತು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿಯಾಗಿದ್ದ ಅಲೋಕ್ ಕುಮಾರ್ ಅವರು ಜುಲೈ 1ರಿಂದ ರಾಜ್ಯದಾದ್ಯಂತ ಕಣ್ಣು ಕುಕ್ಕುವ ಎಲ್‌ಇಡಿ ದೀಪದ ವಾಹನಗಳ ಮೇಲೆ 177ನೇ ಸೆಕ್ಷನ್ ಪ್ರಕಾರ ಕೇಸು ಹಾಕಿ ಎಂದು ಆದೇಶಿಸಿದರು. ಲಾರಿ, ಬಸ್ಸುಗಳ ಮೇಲೇ ಹೆಚ್ಚು ಕಣ್ಣಿತ್ತು. ಒಳ್ಳೆಯ ಕೆಲಸ, ಮೆಚ್ಚಬೇಕು. ಆದರೆ 177ರಲ್ಲಿ ಮೊದಲ ಸಲ ದಂಡ 500 ರೂಪಾಯಿ, ಮತ್ತೆ ಸಿಕ್ಕರೆ 1,500. ಚೆನ್ನೈನಿಂದ ಮುಂಬೈಗೆ ಮಾಲು ಹೊತ್ತ ಲಾರಿಗೆ ಇದು ಊಟದ ಖರ್ಚು. ಅದೂ ಬಹಳ ಸಲ ಹೋಗುವುದು ಡ್ರೈವರ ಬತ್ಯೆಯಿಂದ. ಲೈಟು ಕಟ್ಟಿಸಿದ ಮಾಲೀಕ ಮನೆಯಲ್ಲಿ ಮಲಗಿರುತ್ತಾನೆ.

ಬ್ರೇಕ್ ಇನ್‌ಸ್ಪೆಕ್ಟರ ಕಣ್ಣೆದುರಿಗೆ ಲಾರಿ ಹೋಗಿ ನಿಲ್ಲಲೇಬೇಕಾದ ದಿನವೂ ಒಂದಿದೆಯಲ್ಲ, ಎಫ್‌ಸಿ ದಿನ? ಎಂಟು ವರ್ಷದವರೆಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಹಿಂದಿನ ದಿನ ಲೈಟು ಬಿಚ್ಚಿ ಗೋಣಿಚೀಲಕ್ಕೆ ಹಾಕುವುದು, ಮರುದಿನ ಮತ್ತೆ ಬಿಗಿಯುವುದು ಯಾವ ಗ್ಯಾರೇಜಿನಲ್ಲೂ ಗುಟ್ಟಲ್ಲ. ಬ್ರಾಕೆಟ್ಟಿನ ತೂತು, ನೇತಾಡುವ ವೈರು ಅಲ್ಲೇ ಇರುತ್ತವೆ. ನೋಡುವ ಮನಸ್ಸಿದ್ದರೆ ಕಾಣುತ್ತವೆ. ಹಳಬರಿಗೆ ನೆನಪಿರಬಹುದು, ಒಂದು ಕಾಲದಲ್ಲಿ ಹೆಡ್‌ಲೈಟಿನ ಗಾಜಿಗೆ ಕಪ್ಪು ಬೊಟ್ಟು ಇಟ್ಟಿಲ್ಲವೆಂದು ಸ್ಕೂಟರಿನವರನ್ನೂ ಪೊಲೀಸರು ನಿಲ್ಲಿಸುತ್ತಿದ್ದರು. ಮಿಣಿಮಿಣಿ ಬಲ್ಬಿಗೆ ಬೊಟ್ಟು ಇಡಿಸಿದ ಇಲಾಖೆಗಳು, ಈಗ ಹಗಲನ್ನೇ ಹೊತ್ತು ತಿರುಗುವ ಗಾಡಿಗಳನ್ನು ಟೋಲ್ ಗೇಟಿನಲ್ಲಿ ಸುಮ್ಮನೆ ಬಿಡುತ್ತವೆ. ಟೋಲಿನಲ್ಲಿ ಪ್ರತಿ ಲಾರಿಯೂ ನಿಧಾನಿಸುತ್ತದೆ. ರಾತ್ರಿ ಅಲ್ಲಿ ಎರಡು ಗಂಟೆ ನಿಂತರೆ ಹಿಡಿಯುವುದೇನು ಕಷ್ಟ?

ಅಂಗಡಿಯವರೂ ಈ ಪತ್ರಿಕೆ ಓದುತ್ತಾರೆ, ಆದ್ದರಿಂದ ಹೇಳಲೇಬೇಕು. ಡಬ್ಬಿಯ ಮೇಲೆ 300 ವಾಟ್ ಎಂದು ಬರೆದ ಲೈಟನ್ನು ಅಮ್ಮೀಟರಿಗೆ ಹಿಡಿದು ನೋಡಿ. 24 ವೋಲ್ಟಿನಲ್ಲಿ 3 ಆಂಪಿಯರ್ ಎಳೆದರೆ ಅದು 72 ವಾಟ್, ಡಬ್ಬಿಯ ಮೇಲೆ ಏನು ಬರೆದಿದ್ದರೂ ಸರಿ. ತೂಕದಲ್ಲಿ ಮೋಸವಾದರೆ ಗಿರಾಕಿ ಗಲಾಟೆ ಮಾಡುತ್ತಾನೆ, ಬೆಳಕಿನ ತೂಕ ಯಾರು ನೋಡುತ್ತಾರೆ? ಗಾಜಿನ ಮೇಲೆ ವೃತ್ತದೊಳಗೆ 'ಇ' ಎಂಬ ಇಂಗ್ಲಿಷ್ ಅಕ್ಷರವೂ ಒಂದು ಸಂಖ್ಯೆಯೂ ಅಚ್ಚೊತ್ತಿದ್ದರೆ ಅದು ರಸ್ತೆಗೆಂದು ಪರೀಕ್ಷೆಯಾದ ದೀಪ ಎಂಬ ಗುರುತು. ಗುರುತನ್ನೂ ನಕಲು ಮಾಡುವವರಿದ್ದಾರೆ. ಆದರೂ ಅದೂ ಇಲ್ಲದ್ದನ್ನು ಮುಟ್ಟದಿರುವುದು ಲೇಸು.

ಇನ್ನು ಇಡೀ ಚರ್ಚೆಯಲ್ಲಿ ಎಲ್ಲರೂ ಮರೆಯುವ ಸಂಗತಿ: ಲಾರಿಯ ಹಿಂಭಾಗ. ಡ್ರೈವರಣ್ಣ ಹೆದರಿದ್ದು ಯಾವುದಕ್ಕೆ? ಕತ್ತಲಲ್ಲಿ ನಿಂತ ಇನ್ನೊಂದು ಲಾರಿಗೆ, ದೀಪವಿಲ್ಲದ ಟ್ರ್ಯಾಕ್ಟರಿಗೆ. ಮುಂದೆ ಹತ್ತು ಲೈಟು ಕಟ್ಟಿಕೊಂಡ ಲಾರಿಗಳ ಹಿಂದೆ ಹೋಗಿ ನೋಡಿ. ಒಂದು ಕೆಂಪು ದೀಪ ಸತ್ತಿರುತ್ತದೆ, ಇನ್ನೊಂದರ ಮೇಲೆ ಕೆಸರು. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ರೇಡಿಯಂ ಪಟ್ಟಿ ಇರಬೇಕೆಂದು ನಿಯಮವಿದೆ. ಅಂಟಿಸಿದ್ದು ಎಫ್‌ಸಿ ದಿನ, ಅರ್ಧ ಕಿತ್ತುಹೋಗಿ ಉಳಿದರ್ಧ ಟಾರ್ಪಾಲಿನ ಕೆಳಗೆ. ನಿಂತ ಗಾಡಿಗೂ ಪಾರ್ಕಿಂಗ್ ಲೈಟು ಉರಿಯುತ್ತಿರಬೇಕೆಂದು 109ನೇ ನಿಯಮ ಹೇಳುತ್ತದೆ. ನಮ್ಮಲ್ಲಿ ಲಾರಿ ಕೆಟ್ಟು ನಿಂತರೆ ಸುತ್ತ ಕಲ್ಲು, ಹಿಂದೆ ಒಂದು ಸೊಪ್ಪಿನ ರೆಂಬೆ. ರಿಪೇರಿಯಾದ ಮೇಲೆ ಲಾರಿ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ, ಮುಂದೆ ಬರುವ ಬೈಕಿನವನಿಗಾಗಿ. ರೇಡಿಯಂ ಪಟ್ಟಿಗೆ ಬ್ಯಾಟರಿ ಬೇಡ, ವೈರು ಬೇಡ. ಹಿಂದಿನಿಂದ ಬರುವವನ ಡಿಮ್ ಲೈಟಿನಲ್ಲೇ ದೂರದಿಂದ ಹೊಳೆಯುತ್ತದೆ. ಎಲ್ಲ ಗಾಡಿಗಳ ಬೆನ್ನೂ ಹೀಗೆ ಹೊಳೆದರೆ ಡ್ರೈವರ ಅರ್ಧ ಹೆದರಿಕೆ ಅಲ್ಲೇ ಮುಗಿಯಿತು.

ಇಷ್ಟೆಲ್ಲ ಆದ ಮೇಲೂ ಘಟ್ಟಕ್ಕೆ, ಮಂಜಿಗೆ ಲೈಟು ಬೇಕೇ ಬೇಕು ಎನ್ನುವ ಮಾಲೀಕರಿಗೆ ಎಲೆಕ್ಟ್ರಿಷಿಯನ್ ಅಣ್ಣನ ಸಲಹೆ: ಎರಡೇ ಮಂಜಿನ ದೀಪ, ಬಂಪರಿನಿಂದ ಮೇಲಕ್ಕೆ ಬೇಡ, ಬೇರೆ ಸ್ವಿಚ್ಚು, ರಿಲೇ, ಫ್ಯೂಸು. ಗಾಡಿಗೆ ಲೋಡ್ ಹಾಕಿದ ಮೇಲೆ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ ಲೈಟು ಹೊಂದಿಸಬೇಕು. ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಒಂದು ಗೇಣಿನಷ್ಟು ಕೆಳಗಿರಲಿ. ಖಾಲಿ ಗಾಡಿಯಲ್ಲಿ ಹೊಂದಿಸಿದರೆ, ಹಿಂದೆ ಹತ್ತು ಟನ್ ಬಿದ್ದ ಕೂಡಲೇ ಮೂತಿ ಎದ್ದು ಲೈಟು ಜೋಗಿಮಟ್ಟಿಯ ತುದಿ ತೋರಿಸುತ್ತದೆ.

ಕಳೆದ ವಾರ ಅವರ ಅಂಗಡಿಯಲ್ಲಿ ಕೂತಿದ್ದಾಗ ಮಾಲೀಕರೊಬ್ಬರು ಲಾರಿ ತಂದು ನಿಲ್ಲಿಸಿ, ಕ್ಯಾಬಿನ್ ಮೇಲೆ ನಾಲ್ಕು ಫೋಕಸ್ ಕಟ್ಟಿಕೊಡಿ ಎಂದರು. ಇವರು ಮಾತಾಡದೆ ಹೆಡ್‌ಲೈಟಿನ ಗಾಜು ಬಿಚ್ಚಿ ತೊಳೆದರು, ಅರ್ತಿನ ತುಕ್ಕು ಉಜ್ಜಿ ಬೋಲ್ಟ್ ಬಿಗಿದರು, ಎರಡು ರಿಲೇ ಹಾಕಿದರು. ಕತ್ತಲಾದ ಮೇಲೆ ಲೈಟು ಹಾಕಿ ತೋರಿಸಿದರೆ ಎದುರಿನ ಕಾಂಪೌಂಡು ಗೋಡೆಯ ಸುಣ್ಣದ ಬಿರುಕೂ ಕಾಣುತ್ತಿತ್ತು. ಡ್ರೈವರು, "ಸಾಕು ಬಿಡಿ ಓನರ್ರೇ, ಇದೇ ಜಾಸ್ತಿ" ಅಂದ. ಮಾಲೀಕರು ದುಡ್ಡು ಎಣಿಸಿ ಕೊಟ್ಟು, ಲಾರಿಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, "ಎಲ್ಲಾ ಸರಿ ಅಣ್ಣ, ಆದ್ರೆ ಗಾಡಿಗೆ ಗತ್ತೇ ಬರ್ಲಿಲ್ವಲ್ಲ" ಎಂದರು.